ಮುಂಬೈ–ಪುಣೆಯಲ್ಲಿ ದುಡಿಯುವ ಕನ್ನಡಿಗರಿಗೆ: ಕನಿಷ್ಠ ಪಗಾರ, ರೇಷನ್, ದವಾಖಾನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಾಕಾದಲ್ಲಿ ಕೆಲಸಕ್ಕೆ ಕಾದು ನಿಲ್ಲುವ ಬಿಗಾರಿ (ಕೂಲಿಯಾಳು), ಸೈಟಿನ ಗೌಂಡಿ, ಹೋಟೆಲಿನ ಸಪ್ಲಾಯರ್, ಸೊಸೈಟಿ ಗೇಟಿನ ವಾಚ್‌ಮನ್ ಕೇಳುವ ಪ್ರಶ್ನೆಗಳಿವು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದಲೋ ಕರಾವಳಿಯಿಂದಲೋ ಬಂದು ಇಲ್ಲಿ ದುಡಿಯುವವರನ್ನು ಮನಸ್ಸಿನಲ್ಲಿಟ್ಟು ಉತ್ತರ ಬರೆದಿದ್ದೇವೆ. ಪಗಾರ ಸಾಲದು ಅನ್ನುವುದಕ್ಕೆ ಎರಡು ಮದ್ದು. ಬರಬೇಕಾದ ಪಗಾರ ಪೂರ್ತಿ ಬರಬೇಕು. ಸರಕಾರ ಪುಕ್ಕಟೆ ಕೊಡಬೇಕಾದದ್ದಕ್ಕೆ ಕಿಸೆಯಿಂದ ಹಣ ಹೋಗಬಾರದು. ಎರಡೂ ಸಾಮಾನ್ಯವಾಗಿ ಕಾಗದದ ಹತ್ತಿರವೇ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗಾಗಿ ಇಲ್ಲಿ ಕಾಗದದ ಮಾತೇ ಹೆಚ್ಚು.

ನಮ್ಮದು ಕರ್ನಾಟಕ. ಕನಿಷ್ಠ ವೇತನ ಯಾವ ರಾಜ್ಯದ್ದು ಸಿಗುತ್ತದೆ?

ಕೆಲಸ ನಡೆಯುವ ರಾಜ್ಯದ್ದು. ಆಧಾರ್ ಎಲ್ಲಿಯದು, ಮುಕಾದಮ್ (ಆಳುಗಳನ್ನು ಕೆಲಸಕ್ಕೆ ಕರೆತರುವ ಮೇಸ್ತ್ರಿ) ಎಲ್ಲಿಯವನು, ಮಾತುಕತೆ ಎಲ್ಲಿ ಆಯಿತು ಅನ್ನುವುದು ಲೆಕ್ಕಕ್ಕಿಲ್ಲ. ಇಂಡಿ ತಾಲ್ಲೂಕಿನ ಹಳ್ಳಿಯಲ್ಲಿ ಕೂತು "ದಿನಕ್ಕೆ ಇಷ್ಟು" ಅಂತ ಒಪ್ಪಿ ಬಂದಿದ್ದರೂ, ಆ ದರ ಮಹಾರಾಷ್ಟ್ರದ ಕನಿಷ್ಠಕ್ಕಿಂತ ಕಡಿಮೆಯಿದ್ದರೆ ಆ ಒಪ್ಪಂದ ನಿಲ್ಲುವುದಿಲ್ಲ. ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದರೂ ಅಷ್ಟೇ.

ಒಂದು ಅಪವಾದವಿದೆ. ರೈಲ್ವೆ, ದೊಡ್ಡ ಬಂದರು, ವಿಮಾನ ಸಾರಿಗೆ, ಗಣಿ, ಬ್ಯಾಂಕು, ಕೇಂದ್ರದ ಸಾರ್ವಜನಿಕ ಉದ್ದಿಮೆ ಇವುಗಳ ಕೆಲಸವಾದರೆ, ಗುತ್ತಿಗೆದಾರನ ಕೈಕೆಳಗೆ ಇದ್ದರೂ ಕೇಂದ್ರದ ದರ ಅನ್ವಯಿಸುತ್ತದೆ. ಅದು ಸಾಮಾನ್ಯವಾಗಿ ರಾಜ್ಯದ ದರಕ್ಕಿಂತ ಮೇಲೆ. 2024ರ ಅಕ್ಟೋಬರ್ 1ರಿಂದ ದೊಡ್ಡ ನಗರಗಳ ಕಟ್ಟಡ ಕೆಲಸದ ಬಿಗಾರಿಗೆ ಕೇಂದ್ರ ಗೊತ್ತುಮಾಡಿದ ದಿನಗೂಲಿ 783 ರೂಪಾಯಿ, ಕುಶಲ ಕೆಲಸಕ್ಕೆ 954 ಇತ್ತು. ರೈಲ್ವೆ ಕೆಲಸ ಮಾಡುತ್ತ ರಾಜ್ಯದ ದರ ತೆಗೆದುಕೊಳ್ಳುತ್ತಿರುವವರು ಬೇಕಾದಷ್ಟು ಜನ. ಕೇಳಿದವರಿಗಷ್ಟೇ ಇದು ಗೊತ್ತಾಗುತ್ತದೆ.

ಮಹಾರಾಷ್ಟ್ರದಲ್ಲಿ ಎಷ್ಟು ಅಂತ ಒಂದೇ ಅಂಕಿ ಹೇಳಬಾರದೇ?

ಒಂದೇ ಅಂಕಿ ಇಲ್ಲ, ಇದ್ದರೂ ಆರು ತಿಂಗಳಿಗೆ ಹಳತಾಗುತ್ತದೆ. ಹುಡುಕುವ ದಾರಿ ಗೊತ್ತಿದ್ದರೆ ಸಾಕು. ದರಪಟ್ಟಿ ಮರಾಠಿಯಲ್ಲಿರುತ್ತದೆ; ಮೇಲೆ "ಕಿಮಾನ್ ವೇತನ್" ಎಂದಿರುತ್ತದೆ. ಮೂರು ವಿಷಯ ಹೊಂದಿಸಿಕೊಳ್ಳಿ.

ಮೊದಲನೆಯದು ಉದ್ಯೋಗ: ಹೋಟೆಲ್, ಅಂಗಡಿ, ಕಟ್ಟಡ ಕೆಲಸ, ಎಂಜಿನಿಯರಿಂಗ್ ಕಾರ್ಖಾನೆ, ಒಂದೊಂದಕ್ಕೂ ಬೇರೆ ಪಟ್ಟಿ. ಎರಡನೆಯದು "ಪರಿಮಂಡಳ", ಅಂದರೆ ವಲಯ: ಮುಂಬೈ, ಠಾಣೆ, ಪುಣೆ, ಪಿಂಪ್ರಿ-ಚಿಂಚವಡದಂಥ ಮಹಾನಗರಪಾಲಿಕೆ ಪ್ರದೇಶ ಮೇಲಿನ ವಲಯದಲ್ಲಿ, ಹಳ್ಳಿಗಳು ಕೆಳಗಿನದರಲ್ಲಿ. ಮೂರನೆಯದು ದರ್ಜೆ: ಕುಶಲ್, ಅರ್ಧಕುಶಲ್, ಅಕುಶಲ್. ಇಲ್ಲೇ ಮೋಸ ಹೆಚ್ಚು. ಹತ್ತು ವರ್ಷ ಟೈಲ್ಸ್ ಕೂರಿಸಿದವನ ಹೆಸರು ಕಾಗದದಲ್ಲಿ "ಹೆಲ್ಪರ್" ಅಂತಲೇ ಉಳಿದಿರುತ್ತದೆ. ನೀವು ಮಾಡುವ ಕೆಲಸ ನೋಡಿ ದರ್ಜೆ ತೀರ್ಮಾನವಾಗಬೇಕು, ಕಾಗದದ ಹೆಸರು ನೋಡಿ ಅಲ್ಲ.

ಪಟ್ಟಿಯಲ್ಲಿ ಎರಡು ಅಂಕಣ ಕಾಣುತ್ತದೆ: "ಮೂಳ್ ವೇತನ್" ಮತ್ತು "ವಿಶೇಷ್ ಭತ್ತಾ". ಎರಡನ್ನೂ ಕೂಡಿಸಿದರೆ ಕನಿಷ್ಠ ವೇತನ. ಬರೀ ಮೂಳ್ ವೇತನ್ ತೋರಿಸಿ "ಸರಕಾರದ ರೇಟು ಇಷ್ಟೇ ನೋಡು" ಅನ್ನುವುದು ಹಳೇ ಆಟ. ವಿಶೇಷ್ ಭತ್ತಾ ಬೆಲೆಯೇರಿಕೆಯ ಸೂಚ್ಯಂಕ ನೋಡಿ ಜನವರಿ 1 ಮತ್ತು ಜುಲೈ 1ಕ್ಕೆ ಬದಲಾಗುತ್ತದೆ. ಆದ್ದರಿಂದ ಪಟ್ಟಿ ನೋಡುವಾಗ ಅದರ ಅವಧಿ ಮೊದಲು ನೋಡಿ.

ಹನ್ನೆರಡು ತಾಸು ಡ್ಯೂಟಿ. ತಿಂಗಳಿಗೆ 14,000 ಕೊಡುತ್ತಾರೆ, ಕನಿಷ್ಠಕ್ಕಿಂತ ಹೆಚ್ಚೇ ಅನ್ನುತ್ತಾರೆ. ನಿಜವೇ?

ಕನಿಷ್ಠ ವೇತನ 8 ತಾಸಿನ ದಿನಕ್ಕೆ, ವಾರಕ್ಕೆ 48 ತಾಸಿಗೆ. ಉಳಿದದ್ದು ಓವರ್‌ಟೈಮ್, ಅದಕ್ಕೆ ದುಪ್ಪಟ್ಟು. ಲೆಕ್ಕ ಸುಲಭವಾಗಲೆಂದು ನಿಮ್ಮ ದರ್ಜೆಯ ಕನಿಷ್ಠ ತಿಂಗಳಿಗೆ 13,000 ಎಂದು ಹಿಡಿಯೋಣ. (ನಿಜವಾದ ಅಂಕಿ ಪಟ್ಟಿಯಿಂದ ತೆಗೆದುಕೊಳ್ಳಿ.)

13,000ವನ್ನು 26ರಿಂದ ಭಾಗಿಸಿ: ದಿನಕ್ಕೆ 500. ಅದನ್ನು 8ರಿಂದ ಭಾಗಿಸಿ: ತಾಸಿಗೆ 62 ರೂಪಾಯಿ 50 ಪೈಸೆ. ಓವರ್‌ಟೈಮ್ ತಾಸಿಗೆ ಅದರ ಎರಡರಷ್ಟು, 125. ದಿನಕ್ಕೆ 4 ತಾಸು ಹೆಚ್ಚು ಅಂದರೆ 500. ಅಂದರೆ ಹನ್ನೆರಡು ತಾಸಿನ ದಿನಕ್ಕೆ ಎರಡು ದಿನದ ಕೂಲಿ. 26 ದಿನಕ್ಕೆ 26,000. ವಾರದ ರಜೆಯಲ್ಲೂ ದುಡಿಸಿದ್ದನ್ನು ಇದರಲ್ಲಿ ಇನ್ನೂ ಸೇರಿಸಿಲ್ಲ. 14,000 ಕೊಟ್ಟು "ಹೆಚ್ಚೇ ಕೊಡುತ್ತೇವೆ" ಅನ್ನುವವರು ತಿಂಗಳಿಗೆ 12,000 ಉಳಿಸಿಕೊಳ್ಳುತ್ತಿದ್ದಾರೆ.

ವಾಚ್‌ಮನ್ ಕೆಲಸದಲ್ಲಿ ಇದು ರೂಢಿಯೇ ಆಗಿಬಿಟ್ಟಿದೆ. ಮಹಾರಾಷ್ಟ್ರದಲ್ಲಿ 1981ರ ಕಾಯ್ದೆಯಡಿ ಸುರಕ್ಷಾ ರಕ್ಷಕ ಮಂಡಳಿಗಳಿವೆ. ಮಂಡಳಿಯಲ್ಲಿ ನೋಂದಣಿಯಾದ ಗಾರ್ಡ್‌ಗಳ ಪಗಾರ, ಪಿಎಫ್ ಮಂಡಳಿಯ ಮೂಲಕವೇ ನಡೆಯುತ್ತದೆ. ಹಮಾಲರಿಗೂ ಅಂಥದ್ದೇ ವ್ಯವಸ್ಥೆ ಇದೆ, 1969ರ ಮಾಥಾಡಿ ಕಾಯ್ದೆ. ಮಾಲೀಕ ಕೂಲಿಯ ಜೊತೆ ಲೆವಿ ಕಟ್ಟುತ್ತಾನೆ, ಮಂಡಳಿ ಕಾರ್ಮಿಕನಿಗೆ ಪಗಾರ ಕೊಟ್ಟು ಪಿಎಫ್, ಗ್ರ್ಯಾಚುಟಿ ನೋಡಿಕೊಳ್ಳುತ್ತದೆ. ವಾಶಿ ಮಾರ್ಕೆಟ್‌ನಲ್ಲಿ ಮೂಟೆ ಹೊರುವವರು ಬಿಲ್ಲೆ ಇಲ್ಲದೆ ಖಾಸಗಿಯಾಗಿ ಹೊರುವುದಕ್ಕಿಂತ ಮಂಡಳಿಯಲ್ಲಿ ಹೆಸರು ಬರೆಸುವುದು ನೂರು ಪಾಲು ಮೇಲು.

ಮುಕಾದಮ್ ವಾರಕ್ಕೆ ಖರ್ಚಿ (ಕೈಖರ್ಚಿನ ಹಣ) ಮಾತ್ರ ಕೊಡುತ್ತಾನೆ, ಲೆಕ್ಕ ಊರಿಗೆ ಹೋಗುವಾಗ ಅನ್ನುತ್ತಾನೆ. ಇದು ಸರಿಯೇ?

ಸರಿಯಲ್ಲ. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೈಸೇರಬೇಕು. ವಾರದ ಲೆಕ್ಕವಾದರೆ ವಾರದ ಕೊನೆಯ ಕೆಲಸದ ದಿನ, ದಿನಗೂಲಿಯಾದರೆ ಆ ದಿನದ ಪಾಳಿ ಮುಗಿದಾಗ. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ ಆಗಬೇಕು.

ಹಬ್ಬಕ್ಕೆ ಊರಿಗೆ ಹೊರಟಾಗ ಆರು ತಿಂಗಳ ಲೆಕ್ಕ ಒಟ್ಟಿಗೆ ಅಂದರೆ, ಆ ಹೊತ್ತಿಗೆ ಹಾಜರಿ ಯಾರಿಗೂ ನೆನಪಿರುವುದಿಲ್ಲ. ಬಸ್ಸಿನ ಹೊತ್ತಾಗಿರುತ್ತದೆ, ಕೊಟ್ಟಷ್ಟು ತೆಗೆದುಕೊಂಡು ಹತ್ತಬೇಕು. ಈ ಪದ್ಧತಿ ನಡೆದಿರುವುದೇ ಆ ಅವಸರದ ಮೇಲೆ.

ಉಚಲ್ (ಮುಂಗಡ) ಕೊಟ್ಟಿದ್ದರೆ ಪಗಾರದಿಂದ ಮುರಿದುಕೊಳ್ಳಬಹುದು. ಆದರೆ ಎಲ್ಲ ಕಡಿತ ಸೇರಿ ಪಗಾರದ ಅರ್ಧ ದಾಟುವಂತಿಲ್ಲ. "ಉಚಲ್ ತೀರುವವರೆಗೆ ಸೈಟ್ ಬಿಡುವಂತಿಲ್ಲ" ಅಂತ ಆಧಾರ್ ಇಟ್ಟುಕೊಂಡರೆ ಅದು ಜೀತ. 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆ ಅನ್ವಯಿಸುತ್ತದೆ, ದೂರು ಜಿಲ್ಲಾಧಿಕಾರಿ ಅಥವಾ ತಹಸೀಲ್ದಾರರಿಗೆ. ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ 1982ರಲ್ಲೇ ಸುಪ್ರೀಂ ಕೋರ್ಟ್, ಕನಿಷ್ಠಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿದೆ.

ಹೋಟೆಲಿನಲ್ಲಿ ಊಟ, ಮಲಗುವ ಜಾಗ ಕೊಡುತ್ತೇವೆ ಅಂತ ಪಗಾರ ಕಡಿಮೆ ಮಾಡುತ್ತಾರೆ.

ಪಗಾರದ ಬದಲು ವಸ್ತುರೂಪದಲ್ಲಿ ಕೊಟ್ಟದ್ದು ಒಟ್ಟು ಪಗಾರದ ಶೇ 15ರವರೆಗೆ ಮಾತ್ರ ಪಗಾರವೆಂದು ಎಣಿಕೆಗೆ ಬರುತ್ತದೆ. ಅದಕ್ಕಿಂತ ಹೆಚ್ಚು ಊಟದ ಹೆಸರಲ್ಲಿ ಮುರಿಯುವಂತಿಲ್ಲ. ಅಂಗಡಿಯ ಮಾಳಿಗೆಯಲ್ಲಿ ಚಾಪೆ ಹಾಸಲು ಬಿಟ್ಟದ್ದಕ್ಕೆ "ಖೋಲಿ ಭಾಡೆ" ಹಾಕುವುದಂತೂ ಕೇಳಬೇಕಾದ ವಿಷಯ. ಗ್ಲಾಸು ಒಡೆದದ್ದಕ್ಕೆ ಮುರಿಯಬೇಕಾದರೂ ಮೊದಲು ಹುಡುಗನ ಮಾತು ಕೇಳಬೇಕು.

ಒಂದೇ ಕೆಲಸಕ್ಕೆ ಗಂಡಾಳಿಗೆ ಒಂದು, ಹೆಣ್ಣಾಳಿಗೆ ಒಂದು ಕೂಲಿ?

ಕಾನೂನಿಗೆ ವಿರುದ್ಧ. ಬುಟ್ಟಿ ಹೊತ್ತರೆ ಬುಟ್ಟಿಯ ಕೂಲಿ. ಗಂಡ-ಹೆಂಡತಿ ಜೋಡಿಗೆ ಒಟ್ಟಿಗೆ ಪಗಾರ ಕೊಟ್ಟು ಗಂಡನ ಕೈಲಿ ಸಹಿ ಹಾಕಿಸುವುದೂ ಬೇಡ. ಹೆಂಡತಿಯ ಹಾಜರಿ ಬೇರೆ, ಖಾತೆ ಬೇರೆ ಇರಲಿ. ಇಲ್ಲದಿದ್ದರೆ ಕಾಗದದ ಮೇಲೆ ಅವಳು ದುಡಿದೇ ಇಲ್ಲ.

ಪಗಾರ ಚೀಟಿ ಇಲ್ಲ, ಕಾರ್ಡ್ ಇಲ್ಲ. ಏನು ತೋರಿಸಲಿ?

ಚೀಟಿ ಕೊಡುವುದು ಮಾಲೀಕನ ಹೊಣೆ. ಕಡಿಮೆ ಕೊಟ್ಟರು ಎಂದು ಅರ್ಜಿ ಬಿದ್ದ ಮೇಲೆ "ಪೂರ್ತಿ ಕೊಟ್ಟಿದ್ದೇನೆ" ಎಂದು ತೋರಿಸುವ ಹೊರೆಯೂ ಅವನದೇ. ಆದರೆ ನೀವು ಅಲ್ಲಿ ಕೆಲಸ ಮಾಡಿದಿರಿ ಅನ್ನುವುದಾದರೂ ನಿಮ್ಮ ಕಡೆಯಿಂದ ಗಟ್ಟಿಯಾಗಿರಬೇಕು. ಜಗಳವೆಲ್ಲ ಅಲ್ಲೇ. "ಇವನು ಯಾರೋ ಗೊತ್ತೇ ಇಲ್ಲ" ಅಂದುಬಿಡುತ್ತಾರೆ.

ಹತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ದಿನಕ್ಕೆ ಒಂದು ಸಾಲು, ಅದೇ ದಿನ ರಾತ್ರಿ ಬರೆಯಿರಿ: "ತಾ. 3, ಮಂಗಳವಾರ. ಬೆಳಿಗ್ಗೆ 8ರಿಂದ ರಾತ್ರಿ 8. ವಾಕಡ್ ಸೈಟ್, ಬಿ ವಿಂಗ್, 7ನೇ ಮಾಳಿಗೆ, ಪ್ಲಾಸ್ಟರ್. ಖರ್ಚಿ 500." ಕನ್ನಡದಲ್ಲೇ ಬರೆಯಿರಿ, ತೊಂದರೆಯಿಲ್ಲ. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ಒಟ್ಟಿಗೆ ಬರೆದ ಮೂವತ್ತು ಸಾಲು ನೋಡಿದ ತಕ್ಷಣ ಗೊತ್ತಾಗುತ್ತದೆ, ಅದಕ್ಕೆ ಬೆಲೆಯಿಲ್ಲ. ವಾರಕ್ಕೊಮ್ಮೆ ಆ ಪುಟದ ಫೋಟೋ ತೆಗೆದು ಮುಕಾದಮ್‌ಗೆ ವಾಟ್ಸ್ಆ್ಯಪ್ ಮಾಡಿ: "ಈ ವಾರ 6 ಹಾಜರಿ, ಖರ್ಚಿ 1,500." ಅವನು ಉತ್ತರ ಕೊಡದಿದ್ದರೂ ಪರವಾಗಿಲ್ಲ, ಕಳಿಸಿದ ತಾರೀಕು ಉಳಿಯುತ್ತದೆ.

ಇನ್ನೂ ಬೇಕಾದವು: ಫೋನ್‌ಪೇ ಅಥವಾ ಗೂಗಲ್‌ಪೇಯಲ್ಲಿ ಬಂದ ಖರ್ಚಿಯ ದಾಖಲೆ, ಸೈಟ್ ಬೋರ್ಡ್ ಕಾಣುವ ಫೋಟೋ (ಬಿಲ್ಡರ್ ಹೆಸರು, ಕಟ್ಟಡ ಯೋಜನೆಯ ರೇರಾ ನೋಂದಣಿ ನಂಬರ್ ಓದುವಂತಿರಲಿ), ಗೇಟ್‌ಪಾಸ್, ಜೊತೆಗಾರರ ಹೆಸರು-ನಂಬರ್. ನಗದು ಬೇಡ, ಖಾತೆಗೆ ಹಾಕಿ ಅಂತ ಮೊದಲ ದಿನವೇ ಕೇಳಿನೋಡಿ. ಖಾತೆಗೆ ಹಾಕಿಸಿಕೊಂಡು ಎಟಿಎಂ ಕಾರ್ಡನ್ನು ಮುಕಾದಮ್ ಕೈಗೆ ಕೊಡುವವರೂ ಇದ್ದಾರೆ. ಖಾತೆಯಲ್ಲಿ ಪೂರ್ತಿ ಪಗಾರ ಬಂದಂತೆ ಕಾಣುತ್ತದೆ, ಅರ್ಧ ವಾಪಸು ಹೋಗಿರುತ್ತದೆ. ಆಮೇಲೆ ಆ ದಾಖಲೆಯೇ ನಿಮ್ಮ ವಿರುದ್ಧ ನಿಲ್ಲುತ್ತದೆ.

ದೂರು ಎಲ್ಲಿ, ಹೇಗೆ ಕೊಡುವುದು?

ರಾಜ್ಯದ ಕೆಲಸವಾದರೆ ಕಾಮಗಾರ ಆಯುಕ್ತರ ಕಚೇರಿಗೆ. ಮುಂಬೈಯಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಕಾಮಗಾರ ಭವನ. ಪುಣೆ, ಠಾಣೆಯಲ್ಲೂ ಕಚೇರಿಗಳಿವೆ. "ಸರಕಾರಿ ಕಾಮಗಾರ ಅಧಿಕಾರಿ" ಎಲ್ಲಿ ಕೂರುತ್ತಾರೆ ಅಂತ ಕೇಳಿ. ಕೇಂದ್ರದ ಕೆಲಸವಾದರೆ ಕೇಂದ್ರ ಶ್ರಮ ಆಯುಕ್ತರ ಕಚೇರಿ, ಇಲ್ಲವೇ ಕಾರ್ಮಿಕರ ದೂರಿಗೆಂದೇ ಇರುವ ಕೇಂದ್ರದ ಸಮಾಧಾನ್ ಪೋರ್ಟಲ್.

ಅರ್ಜಿ ಒಂದು ಪುಟ ಸಾಕು. ನಿಮ್ಮ ಹೆಸರು, ಇಲ್ಲಿಯ ವಿಳಾಸ, ಫೋನು. ಮುಕಾದಮ್, ಗುತ್ತಿಗೆದಾರ, ಬಿಲ್ಡರ್ ಮೂವರ ಹೆಸರೂ. ಯಾವ ತಾರೀಕಿನಿಂದ ಯಾವ ತಾರೀಕು, ದಿನಕ್ಕೆ ಎಷ್ಟು ತಾಸು, ಬರಬೇಕಾದದ್ದೆಷ್ಟು, ಬಂದದ್ದೆಷ್ಟು, ಬಾಕಿಯೆಷ್ಟು. ಕೊನೆಯ ಅಂಕಿ ಇಲ್ಲದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. "ತುಂಬಾ ಅನ್ಯಾಯ ಮಾಡಿದ್ದಾರೆ" ಎಂದು ಎರಡು ಪುಟ ಬರೆದು ಮೊತ್ತ ಬರೆಯದೆ ಬಿಟ್ಟ ಅರ್ಜಿಗಳೇ ಹೆಚ್ಚು.

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ನಿಮ್ಮ ಪ್ರತಿಯ ಮೇಲೆ "ಆವಕ್" (ಕಾಗದ ಬಂತು ಎಂಬ) ಮೊಹರು, ನಂಬರ್, ತಾರೀಕು ಹಾಕಿಸಿಕೊಳ್ಳಿ. ಮೊಹರು ಹಾಕದೆ ಕಾಗದ ಬಿಟ್ಟು ಬರಬೇಡಿ. ಮರಾಠಿ ಬರೆಯಲು ಬರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಇದು ಹಕ್ಕು.

2025ರ ನವೆಂಬರ್ 21ರಂದು ವೇತನ ಸಂಹಿತೆ 2019 ಜಾರಿಗೆ ಬಂದು, 1948ರ ಕನಿಷ್ಠ ವೇತನ ಕಾಯ್ದೆಯ ಜಾಗದಲ್ಲಿ ಕೂತಿದೆ. ಹಳೇ ದರಪಟ್ಟಿಗಳು ಹೊಸತು ಬರುವವರೆಗೆ ನಡೆಯುತ್ತವೆ. ಬದಲಾದದ್ದು ಹೀಗೆ: ಅರ್ಜಿ ಹಾಕಲು ಮೊದಲು 6 ತಿಂಗಳಿತ್ತು, ಈಗ 3 ವರ್ಷ. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಮಾಲೀಕನ ದಂಡ 500 ರೂಪಾಯಿ ಇದ್ದದ್ದು 50,000ದವರೆಗೆ ಏರಿದೆ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಆ ತಾರೀಕಿನ ಹಿಂದಿನ ಬಾಕಿ ಇದ್ದವರು ಹಳೇ ಗಡುವಿನ ತಕರಾರು ಏಳುವ ಮೊದಲೇ ಅರ್ಜಿ ಹಾಕಿಬಿಡಿ.

ಮುಕಾದಮ್ ಪಗಾರ ಎತ್ತಿಕೊಂಡು ಓಡಿಹೋದ.

ಮೇಲಿನವರನ್ನು ಹಿಡಿಯಿರಿ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ನಡೆದ ಸಂಸ್ಥೆಯ ಮಾಲೀಕನೇ ಕೊಡಬೇಕು, ಆಮೇಲೆ ಅವನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಅರ್ಜಿಯಲ್ಲಿ ಮೂವರ ಹೆಸರೂ ಬರೆಯಿರಿ ಅಂದದ್ದು ಇದಕ್ಕೇ. ಸರಕಾರಿ ಸಂಸ್ಥೆಗೂ ಇದು ತಪ್ಪಿದ್ದಲ್ಲ. ಮುಂಬೈ ಮಹಾನಗರಪಾಲಿಕೆಯ 2,700 ಗುತ್ತಿಗೆ ಸಫಾಯಿ ಕಾರ್ಮಿಕರು ಕಚರಾ ವಾಹತುಕ್ ಶ್ರಮಿಕ್ ಸಂಘದ ಮೂಲಕ ವರ್ಷಗಟ್ಟಲೆ ಹೋರಾಡಿ, 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕಾಯಂ ನೌಕರಿಯ ಹಕ್ಕು ಗೆದ್ದರು. ಒಬ್ಬೊಬ್ಬರೇ ಹೋಗಿದ್ದರೆ ಅದು ಆಗುತ್ತಿರಲಿಲ್ಲ.

ಪೂರ್ತಿ ಕನಿಷ್ಠ ವೇತನ ಕೊಟ್ಟರೂ ಸಂಸಾರ ನಡೆಯುವುದಿಲ್ಲ. ಯಾಕೆ ಇಷ್ಟು ಕಡಿಮೆ?

ಲೆಕ್ಕ ಕಡಿಮೆಯದ್ದೇನಲ್ಲ. 1957ರ ಭಾರತೀಯ ಶ್ರಮ ಸಮ್ಮೇಳನ ಹಾಕಿಕೊಟ್ಟ ಸೂತ್ರದಲ್ಲಿ ಮೂರು ಆಳಿನ ಊಟ, ತಲೆಗೆ 2,700 ಕ್ಯಾಲೊರಿ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು-ದೀಪ ಇತ್ಯಾದಿಗೆ ಶೇ 20 ಇದೆ. ಆಮೇಲೆ ಸುಪ್ರೀಂ ಕೋರ್ಟ್ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪಿಗೆಂದು ಇನ್ನೂ ಶೇ 25 ಸೇರಿಸಿತು. ಈ ಸೂತ್ರದಲ್ಲಿ ಮುಂಬೈಯ ಒಂದು ಖೋಲಿಯ ಬಾಡಿಗೆ ಹಾಕಿ ನೋಡಿ, ಪಟ್ಟಿಯ ಅಂಕಿ ನಾಚುತ್ತದೆ.

ತೊಡಕು ಎರಡು ಕಡೆ. ಮೂಳ್ ವೇತನವನ್ನು ಐದು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಅದು ತಡವಾದಾಗ ವಿಶೇಷ್ ಭತ್ತಾ ಒಂದೇ ಏರುತ್ತದೆ. ಭತ್ತಾ ಬೆಲೆಯೇರಿಕೆಯ ಜೊತೆ ಓಡುತ್ತದಷ್ಟೇ, ಬದುಕನ್ನು ಮೇಲೆತ್ತುವುದಿಲ್ಲ. ಇನ್ನೊಂದು, ರಾಷ್ಟ್ರೀಯ ತಳಮಟ್ಟದ ವೇತನ, ಅಂದರೆ ಇದಕ್ಕಿಂತ ಕೆಳಗೆ ಇಳಿಯಬಾರದೆಂದು ಕೇಂದ್ರ ಹೇಳುವ ದರ. 2017ರಲ್ಲಿ ದಿನಕ್ಕೆ 176 ರೂಪಾಯಿ ಇತ್ತು, 2019ರಲ್ಲಿ ಕೂಡಿಸಿದ್ದು ಎರಡು ರೂಪಾಯಿ. ಅದೇ ವರ್ಷ ಸರಕಾರವೇ ನೇಮಿಸಿದ್ದ ತಜ್ಞರ ಸಮಿತಿ ಹೇಳಿದ್ದು 375.

"ಹೆಚ್ಚು ಕೊಟ್ಟರೆ ಧಂದೆ ಮುಚ್ಚಬೇಕು" ಎಂಬ ಮಾಲೀಕರ ಮಾತಿಗೆ ಸುಪ್ರೀಂ ಕೋರ್ಟ್ 1961ರಲ್ಲೇ ಉತ್ತರ ಕೊಟ್ಟಾಗಿದೆ: ಕನಿಷ್ಠ ವೇತನದ ವಿಷಯದಲ್ಲಿ ಮಾಲೀಕನ ತಾಕತ್ತು ಲೆಕ್ಕಕ್ಕೆ ಬರುವುದಿಲ್ಲ. ಚಿಕ್ಕ ಹೋಟೆಲಿನವರ ಕಷ್ಟ ನಿಜವೇ ಇರಬಹುದು. ಅವರು ಅಂಗಡಿಯ ಬಾಡಿಗೆ, ಗ್ಯಾಸು ಪೂರ್ತಿ ಕಟ್ಟುತ್ತಾರೆ. ಚೌಕಾಸಿ ನಡೆಯುವುದು ಪಗಾರದಲ್ಲಿ ಮಾತ್ರ.

ಪಗಾರ ತಲುಪದ ಜಾಗವನ್ನು ರೇಷನ್ನು, ದವಾಖಾನೆ, ಶಾಲೆ ತುಂಬಬೇಕು. ಮುಂದಿನ ಪ್ರಶ್ನೆಗಳು ಅವುಗಳದ್ದು.

ಕರ್ನಾಟಕದ ರೇಷನ್ ಕಾರ್ಡ್ ಇಲ್ಲಿ ನಡೆಯುತ್ತದೆಯೇ? ಹೆಸರು ಇಲ್ಲಿಗೆ ವರ್ಗಾಯಿಸಬೇಕೇ?

ನಡೆಯುತ್ತದೆ, ವರ್ಗಾಯಿಸಬೇಕಿಲ್ಲ. ಅವಸರಪಟ್ಟು ಊರಿನ ಕಾರ್ಡ್ ರದ್ದು ಮಾಡಿಸಿದರೆ ಅದರ ಮೇಲೆ ನಿಂತ ಗೃಹಲಕ್ಷ್ಮಿಯಂಥ ಸೌಲಭ್ಯವೂ ಹೋಗಬಹುದು.

ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಕಾರ್ಡ್ ನಂಬರ್ ಇಲ್ಲವೇ ಆಧಾರ್ ನಂಬರ್ ಹೇಳಿ ಬೆರಳು ಒತ್ತಿದರೆ ಕೇಂದ್ರದ ಪಾಲು, ತಲೆಗೆ 5 ಕೆಜಿ, ಪುಕ್ಕಟೆ ಸಿಗುತ್ತದೆ. ಅಂತ್ಯೋದಯ ಕಾರ್ಡಿಗೆ 35 ಕೆಜಿ. ಅನ್ನಭಾಗ್ಯದಲ್ಲಿ ಕರ್ನಾಟಕ ಸರಕಾರ ಸೇರಿಸಿ ಕೊಡುವ ಹೆಚ್ಚಿನ ಪಾಲು ಇಲ್ಲಿ ಬರುವುದಿಲ್ಲ. ಅಕ್ಕಿಯ ಜೊತೆ ಗೋಧಿಯೂ ಇರುತ್ತದೆ. ಐದು ಜನರ ಮನೆಗೆ 25 ಕೆಜಿ. ಕೆಜಿಗೆ 40 ಎಂದರೂ ತಿಂಗಳಿಗೆ 1,000 ರೂಪಾಯಿ ಉಳಿತಾಯ, ಎರಡು ದಿನದ ಕೂಲಿ.

ತಪ್ಪುವುದೆಲ್ಲಿ? ಆ ತಿಂಗಳ ಪಾಲನ್ನು ಊರಿನಲ್ಲಿ ಅವ್ವ ಪೂರ್ತಿ ಎತ್ತಿದ್ದರೆ ಇಲ್ಲಿ ಯಂತ್ರ ಸೊನ್ನೆ ತೋರಿಸುತ್ತದೆ. ಮೊದಲೇ ಮಾತಾಡಿಕೊಳ್ಳಿ. ಇ-ಕೆವೈಸಿ ಆಗದ ಸದಸ್ಯರ ಹೆಸರು ಕೈಬಿಡಬಹುದು. ಅದನ್ನು ಇಲ್ಲಿಯ ಅಂಗಡಿಯಲ್ಲೇ ಮಾಡಿಸಬಹುದು. ಸಿಮೆಂಟಿನಿಂದ ಬೆರಳಚ್ಚು ಸವೆದಿದ್ದರೆ ಕಾರ್ಡಿನಲ್ಲಿರುವ ಬೇರೆಯವರು ಬೆರಳು ಕೊಡಲಿ. "ಹೊರರಾಜ್ಯದವರಿಗೆ ಸ್ಟಾಕ್ ಇಲ್ಲ" ಅಂದರೆ 14445ಕ್ಕೆ ಫೋನ್ ಮಾಡಿ, ಅಂಗಡಿಯ ಎದುರೇ ನಿಂತು ಮಾಡಿ.

ಇಎಸ್ಐ ಅಂತ ಮುರಿಯುತ್ತಾರೆ. ಏನು ಲಾಭ?

ಇಎಸ್ಐ ಅಂದರೆ ಕಾರ್ಮಿಕರ ಸರಕಾರಿ ವಿಮೆ. ಪಗಾರ ತಿಂಗಳಿಗೆ 21,000ದೊಳಗಿದ್ದರೆ ನಿಮ್ಮಿಂದ ಶೇ 0.75, ಮಾಲೀಕನಿಂದ ಶೇ 3.25. ಅದಕ್ಕೆ ಪ್ರತಿಯಾಗಿ ನಿಮಗೂ ಸಂಸಾರಕ್ಕೂ ಔಷಧಿ, ಆಪರೇಷನ್ ಪುಕ್ಕಟೆ. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗದ ದಿನಕ್ಕೆ ಪಗಾರದ ಶೇ 70, ವರ್ಷಕ್ಕೆ 91 ದಿನದವರೆಗೆ. ಇದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿರಬೇಕು. ಕೆಲಸದಲ್ಲಿ ಪೆಟ್ಟಾದರೆ ಮೊದಲ ದಿನದಿಂದಲೇ ಶೇ 90, ಈ 78ರ ಷರತ್ತು ಇಲ್ಲ. ಮುಂಬೈಯಲ್ಲಿ ಅಂಧೇರಿ, ಕಾಂದಿವಲಿ, ಪುಣೆಯಲ್ಲಿ ಬಿಬವೇವಾಡಿಯಲ್ಲಿ ಇಎಸ್ಐ ಆಸ್ಪತ್ರೆಗಳಿವೆ. ಹೆಂಡತಿ-ಮಕ್ಕಳು ಊರಿನಲ್ಲಿದ್ದರೆ ಅಲ್ಲಿಯ ದವಾಖಾನೆಗೆ ಹೆಸರು ಹಾಕಿಸಬಹುದು.

ಮುರಿದ ಹಣ ಕಟ್ಟದೆ ನುಂಗುವವರಿದ್ದಾರೆ. ಐಪಿ ನಂಬರ್ (ನಿಮ್ಮ ಇಎಸ್ಐ ನಂಬರ್) ಕೇಳಿ ಪಡೆದು, ಉಮಂಗ್ ಆ್ಯಪ್‌ನಲ್ಲಿ ತಿಂಗಳ ವಂತಿಗೆ ನೋಡಿಕೊಳ್ಳಿ. ಪೆಟ್ಟಾದ ಮೇಲೆ ನೋಡುವುದಲ್ಲ.

ಇಎಸ್ಐ ಇಲ್ಲದವರು?

ಮುಂಬೈಯಲ್ಲಿ ಮಹಾನಗರಪಾಲಿಕೆಯ "ಆಪಲಾ ದವಾಖಾನಾ"ದಲ್ಲಿ ತಪಾಸಣೆ, ಔಷಧಿ, ರಕ್ತಪರೀಕ್ಷೆ ಪುಕ್ಕಟೆ. ಸಂಜೆಯ ಪಾಳಿಯೂ ಇರುವುದರಿಂದ ಹಾಜರಿ ಹೋಗುವುದಿಲ್ಲ. ದೊಡ್ಡ ಕಾಯಿಲೆಗೆ ಕೆಇಎಂ, ಸಾಯನ್, ನಾಯರ್. ಪುಣೆಯಲ್ಲಿ ಸಸೂನ್, ಪಿಂಪ್ರಿಯಲ್ಲಿ ವೈಸಿಎಂ. ಆಯುಷ್ಮಾನ್ ಕಾರ್ಡ್ ಊರಿನದ್ದಾದರೂ ತನ್ನಿ. ಅಡ್ಮಿಟ್ ಆದ ಮೇಲೆ ಊರಿನಿಂದ ಕಾರ್ಡ್ ತರಿಸಲು ಹೋದರೆ ಆ ಹೊತ್ತಿಗೆ ಬಿಲ್ ಏರಿರುತ್ತದೆ.

ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಹೊರಗಿನವರಿಗೂ ಸಿಗುತ್ತದೆಯೇ?

ಸಿಗುತ್ತದೆ. 18ರಿಂದ 60 ವಯಸ್ಸು, ಕಳೆದ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ. ಬಿಲ್ಡರುಗಳು ಕಟ್ಟುವ ಶೇ 1 ಸೆಸ್‌ನಿಂದಲೇ ಈ ಮಂಡಳಿ ನಡೆಯುವುದು, ಯಾರ ಉಪಕಾರವೂ ಅಲ್ಲ. ಮಕ್ಕಳ ಓದಿಗೆ ನೆರವು, ಹೆರಿಗೆಗೆ, ಸಾವು-ನೋವಿಗೆ ಸಹಾಯ ಇದೆ. ಎಡವುವುದು 90 ದಿನದ ಪ್ರಮಾಣಪತ್ರದಲ್ಲಿ: ಗುತ್ತಿಗೆದಾರ ಸಹಿ ಹಾಕಲು ಹೆದರುತ್ತಾನೆ. ಆ ಸಂದಿನಲ್ಲಿ ಏಜೆಂಟರು ನುಗ್ಗಿ ಸಾವಿರಾರು ಕೇಳುತ್ತಾರೆ. ಸುಳ್ಳು ಪ್ರಮಾಣಪತ್ರದ ಕಾರ್ಡ್ ಪರಿಶೀಲನೆಯಲ್ಲಿ ಬಿದ್ದುಹೋದರೆ ದುಡ್ಡೂ ಹೋಯಿತು, ಕಾರ್ಡೂ ಹೋಯಿತು. ಕಾರ್ಡ್ ಪ್ರತಿ ವರ್ಷ ನವೀಕರಿಸಬೇಕು.

ವರ್ಷದ ಮಧ್ಯೆ ಬಂದಿದ್ದೇವೆ. ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುತ್ತಾರೆಯೇ?

6ರಿಂದ 14ರ ಮಕ್ಕಳನ್ನು ಯಾವಾಗ ಬಂದರೂ ಸೇರಿಸಿಕೊಳ್ಳಬೇಕು. ಊರಿನ ಶಾಲೆಯ ಟಿಸಿ ಬಂದಿಲ್ಲ ಅಂತ ವಾಪಸು ಕಳಿಸುವಂತಿಲ್ಲ. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಒಂದು. ಆದರೆ ಮನೆ ಹತ್ತಿರವೇ ಇರುತ್ತದೆಂಬ ಭರವಸೆ ಬೇಡ. ಸೈಟಿನಲ್ಲೇ ಇರುವ ಚಿಕ್ಕ ಮಕ್ಕಳ ಹೆಸರನ್ನು ಹತ್ತಿರದ ಅಂಗನವಾಡಿಯಲ್ಲಿ ಬರೆಸಿ.

ಲಾಡಕಿ ಬಹೀಣ್ ಹಣ ನಮ್ಮ ಹೆಂಗಸರಿಗೆ ಬರುತ್ತದೆಯೇ?

ಹೆಂಗಸರ ಖಾತೆಗೆ ತಿಂಗಳಿಗೆ ಹಣ ಹಾಕುವ ಆ ಯೋಜನೆ ಮಹಾರಾಷ್ಟ್ರದ ನಿವಾಸಿಗಳಿಗೆ. 15 ವರ್ಷ ಹಳೆಯ ಇಲ್ಲಿಯ ರೇಷನ್ ಕಾರ್ಡ್, ಮತದಾರರ ಚೀಟಿಯಂಥದ್ದು ಬೇಕು. ಹೊರಗೆ ಹುಟ್ಟಿ ಇಲ್ಲಿಯವರನ್ನು ಮದುವೆಯಾದವರು ಗಂಡನ ದಾಖಲೆ ತೋರಿಸಬಹುದು. ನಿನ್ನೆ ಮೊನ್ನೆ ಬಂದವರಿಗೆ "ಮಾಡಿಸಿಕೊಡುತ್ತೇನೆ" ಅನ್ನುವವನಿಗೆ ಆಧಾರ್ ಕೊಡಬೇಡಿ.

ಊರಿಗೆ ಹೋಗಿಬರುವ ಖರ್ಚು?

ಹತ್ತು ಮತ್ತು ಹೆಚ್ಚು ಅಂತರರಾಜ್ಯ ಕಾರ್ಮಿಕರಿರುವ ಕಡೆ ವರ್ಷಕ್ಕೊಮ್ಮೆ ಹೋಗಿಬರುವ ಬಾಡಿಗೆ ಮಾಲೀಕ ಕೊಡಬೇಕೆಂದು ಕೆಲಸದ ಜಾಗದ ಸುರಕ್ಷತೆ ಕುರಿತ ಇನ್ನೊಂದು ಹೊಸ ಸಂಹಿತೆಯಲ್ಲಿದೆ, ಕೇಳಿ. ಹೆಂಗಸರಿಗೆ ಎಸ್‌ಟಿ ಬಸ್ಸಿನಲ್ಲಿ, ಅಂದರೆ ಮಹಾರಾಷ್ಟ್ರದ ಸರಕಾರಿ ಬಸ್ಸಿನಲ್ಲಿ, ಆ ರಾಜ್ಯದೊಳಗೆ ಅರ್ಧ ಟಿಕೆಟ್. ಕರ್ನಾಟಕದ ಶಕ್ತಿ ಯೋಜನೆ ರಾಜ್ಯದೊಳಗಿನ ಸಾಮಾನ್ಯ ಬಸ್ಸಿಗೆ ಮಾತ್ರ; ಪುಣೆಯಿಂದ ನೇರ ಕಲಬುರಗಿಗೆ ಹೋಗುವ ಬಸ್ಸಿಗೆ ಅದು ಇಲ್ಲ. ಸೊಲ್ಲಾಪುರ, ಅಕ್ಕಲಕೋಟೆಯವರೆಗೆ ಎಸ್‌ಟಿಯಲ್ಲಿ ಬಂದು, ಗಡಿ ದಾಟಿದ ಮೇಲೆ ನಮ್ಮ ಕೆಂಪು ಬಸ್ಸು ಹತ್ತುವವರು ಈ ಲೆಕ್ಕ ಚೆನ್ನಾಗಿ ಬಲ್ಲರು.

ಗೋವಾದಲ್ಲಿರುವ ತಮ್ಮನಿಗೂ ಇದೇ ದರವೇ?

ಇಲ್ಲ. ಗೋವಾದ ದರಪಟ್ಟಿ ಬೇರೆ, ಕಚೇರಿ ಪಣಜಿಯ ಪಾಟೊದಲ್ಲಿರುವ ಶ್ರಮ ಶಕ್ತಿ ಭವನ. ದುಪ್ಪಟ್ಟು ಓವರ್‌ಟೈಮ್, ಮೂರು ವರ್ಷದ ಗಡುವು, ಕಾರ್ಡ್ ತೋರಿಸಿ ಪಡೆಯುವ ರೇಷನ್ ಎಲ್ಲಾ ಕಡೆ ಒಂದೇ. ಹಾಜರಿ ಪುಸ್ತಕ ಬರೆಯಲು ಅವನಿಗೂ ಹೇಳಿ.